ಬೊಟ್ಟು ನೋಡಿ ಮಾಡಿದ ಪಾಠ

ಮಾತಾಡುವಾಗ ಎಲ್ಲಿ ನೋಡಬೇಕು ಎಂಬ ವಿಷಯದಲ್ಲಿ ಐವತ್ತಮೂರನೆಯ ವಯಸ್ಸಿನವರೆಗೆ ನನಗೆ ಯಾವ ಗೊಂದಲವೂ ಇರಲಿಲ್ಲ. ಎದುರಿಗೆ ಯಾರಿದ್ದಾರೋ ಅವರನ್ನು ನೋಡುವುದು. ಬೈಯುವಾಗಲಂತೂ ಅವರನ್ನೇ ನೋಡುವುದು. ಸುಳ್ಳು ಹೇಳುವಾಗ ಮಾತ್ರ ಸ್ವಲ್ಪ ಕಿಟಕಿಯ ಕಡೆಗೆ. ಇಷ್ಟು ಸುಲಭದ ವಿದ್ಯೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ ಎಂದು ನಂಬಿಕೊಂಡು, ಚಾಮರಾಜನಗರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಂಡು ಬಂದವಳು ನಾನು. ಈ ವರ್ಷ ಆ ನಂಬಿಕೆ ಹೋಯಿತು. ಹೋದದ್ದು ಹೇಗೆ ಎಂದು ನಿಮಗೆ ಹೇಳಿದರೆ ನನಗಾದರೂ ಸ್ವಲ್ಪ ತಿಳಿಯಾಗುತ್ತದೇನೋ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗುಂಡ್ಲುಪೇಟೆಯ ಒಂದು ಶಾಲೆ, ಹಂಗಳದ ಒಂದು ಶಾಲೆ, ಪುಣಜನೂರಿನ ಆಚೆ ಕಾಡಿನ ಅಂಚಿಗಿರುವ ಇನ್ನೊಂದು ಪುಟ್ಟ ಶಾಲೆ, ಈ ಮೂರರಲ್ಲೂ ಹತ್ತನೆಯ ತರಗತಿಗೆ ಗಣಿತದವರು ಇರಲಿಲ್ಲ. ಒಬ್ಬರು ಹೆರಿಗೆ ರಜೆಯಲ್ಲಿದ್ದರು, ಒಬ್ಬರಿಗೆ ವರ್ಗವಾಗಿತ್ತು, ಪುಣಜನೂರಿಗಂತೂ ಜೂನ್ ತಿಂಗಳಿಂದ ಯಾರೂ ಬಂದೇ ಇರಲಿಲ್ಲ. ಮೂರು ಊರಿಗೂ ಒಟ್ಟಿಗೆ, ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಇಲ್ಲೇ ನಮ್ಮ ಶಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಪಾಠ ಮಾಡಬೇಕೆಂದು ಇಲಾಖೆಯವರು ಹೇಳಿದರು. ಅಲ್ಲಿ ಮಕ್ಕಳು ಟಿವಿಯ ಮುಂದೆ ಕೂತು ನನ್ನನ್ನು ನೋಡುತ್ತಾರೆ, ಟಿವಿಯ ಕೆಳಗಿಟ್ಟ ಕ್ಯಾಮರಾದಿಂದ ನಾನು ಅವರನ್ನು ನೋಡುತ್ತೇನೆ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ನಾನು ಒಪ್ಪಿಕೊಂಡದ್ದು ನಿಜವಾಗಿ ಪುಣಜನೂರಿನ ಹನ್ನೊಂದು ಮಕ್ಕಳಿಗಾಗಿ. ಗುಂಡ್ಲುಪೇಟೆಯವರಿಗೆ ಟ್ಯೂಷನ್ನಾದರೂ ಇದೆ, ಹಂಗಳದವರು ಬಸ್ಸು ಹತ್ತಿದರೆ ಗುಂಡ್ಲುಪೇಟೆ. ಈ ಹನ್ನೊಂದು ಮಂದಿಗೆ ಇದ್ದದ್ದು ಅಲ್ಲಿನ ಕನ್ನಡ ಮೇಷ್ಟ್ರು ಮಹದೇವಸ್ವಾಮಿ ಒಬ್ಬರೇ. ಪಾಪ, ಅವರು ಗೈಡ್ ನೋಡಿಕೊಂಡು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರಂತೆ. ಉತ್ತರ ಸರಿಯಾಗಿ ಬಂದ ದಿನ ಮಕ್ಕಳಿಗಿಂತ ತಮಗೇ ಹೆಚ್ಚು ಆಶ್ಚರ್ಯವಾಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ಮಾದೇವಿ ಎಂಬ ಹುಡುಗಿಯ ವಿಷಯವನ್ನೂ ಹೇಳಿದರು. ನರ್ಸ್ ಆಗುತ್ತೇನೆ ಎನ್ನುತ್ತಾಳಂತೆ, ಹಿಂದೆಯೇ 'ಲೆಕ್ಕ ಬಂದ್ರೆ' ಎಂದು ಸೇರಿಸುತ್ತಾಳಂತೆ. ಆ ಎರಡು ಪದ ನನ್ನನ್ನು ಹಿಡಿದುಕೊಂಡವು. ಇಪ್ಪತ್ತಾರು ವರ್ಷದಲ್ಲಿ ಆ ಎರಡು ಪದದ ಮುಂದೆ ನಿಂತುಹೋದ ಎಷ್ಟೋ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಈ ಸಲ ಬಿಡಬಾರದು ಅನ್ನಿಸಿತು.

ಒಪ್ಪಿಕೊಂಡ ಮೇಲೆ ಅರ್ಧ ದಿನದ ತರಬೇತಿ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಒಬ್ಬ ತರಬೇತುದಾರರು ನಮಗೆ ಪಾಠ ಮಾಡುವುದನ್ನು ಹೇಳಿಕೊಟ್ಟರು. ಗೀಟಿನ ಸೀರೆ ಉಡಬಾರದು, ಪರದೆಯ ಮೇಲೆ ಗೀಟು ನಡುಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು, ಉತ್ತರ ಕಾಡು ಮೇಡು ದಾಟಿ ಬರಬೇಕಲ್ಲ. ಪಾಠ ಶುರುವಾದಾಗ ಎಲ್ಲಾ ಊರಿನ ಮೈಕನ್ನೂ ಮ್ಯೂಟ್ ಮಾಡಬೇಕು, ಇಲ್ಲದಿದ್ದರೆ ಮೂರು ಊರಿನ ಕೆಮ್ಮೂ ಒಂದೇ ಕಡೆ ಸೇರುತ್ತದೆ. ನಿಂತು ಪಾಠ ಮಾಡಬಾರದು, ತಲೆ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ಬೆರಳೆತ್ತಿ ಅವರು ಹೇಳಿದ್ದು: ಪರದೆಯಲ್ಲಿ ಕಾಣುವ ಮಕ್ಕಳನ್ನು ನೋಡಬಾರದು, ಕ್ಯಾಮರಾದ ಕಣ್ಣನ್ನು ನೋಡಬೇಕು. ಆಗ ಮಾತ್ರ ಅಲ್ಲಿರುವ ಪ್ರತಿಯೊಂದು ಮಗುವಿಗೂ ಮಿಸ್ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ.

ನನಗೆ ಇದು ಒಂದೇ ಸಲಕ್ಕೆ ತಲೆಗೆ ಹತ್ತಲಿಲ್ಲ. ಅಂದರೆ, ಮಕ್ಕಳನ್ನು ನೋಡುತ್ತಿದ್ದೇನೆ ಎಂದು ಮಕ್ಕಳಿಗೆ ಅನ್ನಿಸಬೇಕಾದರೆ ಮಕ್ಕಳನ್ನು ನೋಡಬಾರದು, ಹಾಗೇ ತಾನೆ, ಎಂದು ಎದ್ದು ನಿಂತು ಕೇಳಿದೆ. ಹೌದು ಮೇಡಂ, ಬಹಳ ಬೇಗ ಅರ್ಥ ಮಾಡಿಕೊಂಡಿರಿ ಎಂದರು. ನನಗೆ ಏನೂ ಅರ್ಥವಾಗಿರಲಿಲ್ಲ. ಆದರೆ ಎಲ್ಲರ ಮುಂದೆ ಹೊಗಳಿಸಿಕೊಂಡ ಮೇಲೆ ಮತ್ತೆ ಕೇಳುವುದು ಹೇಗೆ? ಸುಮ್ಮನೆ ಕೂತೆ. ನನ್ನ ತರಗತಿಯಲ್ಲಿ ಸುಮ್ಮನೆ ಕೂತ ಮಕ್ಕಳು ಯಾಕೆ ಸುಮ್ಮನೆ ಕೂತಿರುತ್ತಾರೆ ಎಂಬುದು ಮಾತ್ರ ಆವತ್ತು ಚೆನ್ನಾಗಿ ತಿಳಿಯಿತು.

ಲ್ಯಾಪ್‌ಟಾಪನ್ನು ಮನೆಗೆ ತಂದು ಅಭ್ಯಾಸ ಶುರು ಮಾಡಿದೆ. ಕ್ಯಾಮರಾದ ಕಣ್ಣು ಎಂಬುದು ಸಾಸಿವೆ ಕಾಳಿನಷ್ಟು. ನನ್ನ ಕನ್ನಡಕಕ್ಕೆ ಅದು ಸಿಗುತ್ತಲೇ ಇರಲಿಲ್ಲ. ಯೋಚನೆ ಮಾಡಿ, ಹಣೆಗೆ ಇಟ್ಟುಕೊಳ್ಳುವ ಕೆಂಪು ಸ್ಟಿಕರ್ ಬೊಟ್ಟೊಂದನ್ನು ಅದರ ಪಕ್ಕಕ್ಕೆ ಅಂಟಿಸಿದೆ. ಈಗ ದಾರಿ ತಪ್ಪುವ ಹಾಗಿಲ್ಲ, ಬೊಟ್ಟು ನೋಡು, ಪಾಠ ಮಾಡು. ಆ ಲ್ಯಾಪ್‌ಟಾಪು ಮುತ್ತೈದೆಯ ಹಾಗೆ ಲಕ್ಷಣವಾಗಿ ಕಾಣುತ್ತಿತ್ತು. ನಮ್ಮ ಯಜಮಾನರು ಅದಕ್ಕೊಂದು ಹೂವನ್ನೂ ಮುಡಿಸು ಎಂದರು.

ಅಭ್ಯಾಸಕ್ಕೆಂದು ಅವರನ್ನೇ ಗುಂಡ್ಲುಪೇಟೆ ಮಾಡಿ ನಡುಮನೆಯಲ್ಲಿ ಕೂರಿಸಿದ್ದೆ. ಹಂಗಳ ನಮ್ಮತ್ತೆಯ ತವರು, ಹಾಗಾಗಿ ಅವರೇ ಹಂಗಳ, ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತರು. ಪುಣಜನೂರಿಗೆ ಯಾರೂ ಸಿಗದೆ ಒಂದು ಖಾಲಿ ಕುರ್ಚಿ ಹಾಕಿದೆ. ಮೂವರನ್ನೂ ನೋಡದೆ ಬೊಟ್ಟು ನೋಡಿಕೊಂಡು ಹತ್ತು ನಿಮಿಷ ತ್ರಿಕೋನಮಿತಿ ಹೇಳಿದೆ. ಅತ್ತೆ ಅವರೆಕಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದವರು, "ಅದ್ಯಾರ್ ಕುಟ್ಟೆ ಮಾತಾಡ್ತಿದ್ದೀಯಮ್ಮಿ, ಗ್ವಾಡೆ ಕುಟ್ಟೆನಾ?" ಎಂದು, ಗೋಡೆಯ ಜೊತೆ ಮಾತಾಡುವವಳನ್ನು ಕಂಡ ಹಾಗೆ ಕೇಳಿದರು. ಯಜಮಾನರು ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಅವರ ಆಕ್ಷೇಪಣೆ ಬೇರೆ. ಮೂವತ್ತು ವರ್ಷ 'ಟಿಕೆಟ್ ಟಿಕೆಟ್' ಎಂದು ಕೂಗಿದ್ದೇನೆ, ಕೂಗಿದ್ದರಿಂದ ಏನೂ ಆಗುವುದಿಲ್ಲ, ಮುಖ ನೋಡಿದರೆ ತಾನೇ ಯಾರು ತೆಗೆದುಕೊಂಡಿಲ್ಲ ಎಂದು ಗೊತ್ತಾಗುವುದು, ಎಂದರು. ಹೊಸ ವಿದ್ಯೆ ನಿಮಗೆ ತಿಳಿಯುವುದಿಲ್ಲ ಎಂದು ಹೇಳಿ ಇಬ್ಬರ ಬಾಯನ್ನೂ ಮುಚ್ಚಿಸಿದೆ. ಒಳಗೊಳಗೆ ಅವರು ಹೇಳುವುದೇ ಸರಿಯೇನೋ ಅನ್ನಿಸುತ್ತಿತ್ತು.

ಯಾಕೆಂದರೆ ತರಗತಿಯಲ್ಲಿ ನಾನು ಇಷ್ಟು ವರ್ಷ ನೋಡುತ್ತಿದ್ದದ್ದು ಪುಸ್ತಕವನ್ನಲ್ಲ, ಬೋರ್ಡನ್ನೂ ಅಲ್ಲ, ಒಂದು ಹುಬ್ಬನ್ನು. ಪ್ರತಿ ವರ್ಷ, ಪ್ರತಿ ತರಗತಿಯಲ್ಲೂ ಆ ಹುಬ್ಬು ಇರುತ್ತದೆ. ಮೂರನೆಯ ಸಾಲಿನಲ್ಲೋ ನಾಲ್ಕನೆಯ ಸಾಲಿನಲ್ಲೋ ಕೂತ ಯಾವುದೋ ಮಗುವಿನದು. ಲೆಕ್ಕ ತಲೆಗೆ ಹತ್ತದಿದ್ದರೆ ಅದು ಸ್ವಲ್ಪ ಗಂಟಾಗುತ್ತದೆ, ಹತ್ತಿದರೆ ಸಡಿಲವಾಗುತ್ತದೆ. ಬಾಯಿ ಮಾತ್ರ ಎಲ್ಲಾ ವರ್ಷವೂ ಒಂದೇ ಹೇಳುತ್ತದೆ. 'ಅರ್ಥವಾಯಿತಾ' ಎಂದರೆ ಇಡೀ ತರಗತಿ 'ಆಯ್ತು ಮಿಸ್' ಎಂದು ರಾಗ ಎಳೆಯುತ್ತದೆ. ಅದು ಉತ್ತರವಲ್ಲ, ಬೆಳಿಗ್ಗೆ ಹೇಳುವ ನಮಸ್ತೆಯ ಹಾಗೆ ಒಂದು ಪದ್ಧತಿ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರಿಗೂ ಗೊತ್ತು. ನಾನು ಹುಬ್ಬನ್ನು ನಂಬಿ ಬದುಕಿದವಳು. ಈಗ ಹುಬ್ಬೇ ಇಲ್ಲದ ಬೊಟ್ಟನ್ನು ನಂಬಬೇಕಿತ್ತು.

ಮಂಗಳವಾರ ಬಂತು. ಗೀಟಿಲ್ಲದ ಹಸಿರು ಸೀರೆ ಉಟ್ಟು ಹತ್ತೂವರೆಗೇ ಲ್ಯಾಪ್‌ಟಾಪಿನ ಮುಂದೆ ಕೂತೆ. ಹನ್ನೊಂದಕ್ಕೆ ಪರದೆಯಲ್ಲಿ ಮೂರು ಚೌಕ ಮೂಡಿದವು. ಎಲ್ಲರನ್ನೂ ಮ್ಯೂಟ್ ಮಾಡಿದೆ. ಅಷ್ಟರಲ್ಲಿ ಮೂರು ಚೌಕದಲ್ಲೂ ಮಕ್ಕಳು ಎದ್ದು ನಿಂತದ್ದು ಕಂಡು ಮನಸ್ಸು ತುಂಬಿ ಬಂತು. ಪರದೆಯ ಮೇಲಿನ ಮೇಷ್ಟ್ರಿಗೂ ಏಳುತ್ತವಲ್ಲ ಈ ಮಕ್ಕಳು ಎಂದುಕೊಂಡು, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಕೈಮುಗಿದೆ. ಗುಂಡ್ಲುಪೇಟೆಯಲ್ಲಿ ಜೊತೆಗಿದ್ದ ಶಿಕ್ಷಕಿ ಕಿವಿ ಮುಟ್ಟಿ ಕೈ ಆಡಿಸಿದರು. ನೋಡಿದರೆ ನನ್ನ ಮೈಕೂ ಮ್ಯೂಟಿನಲ್ಲಿತ್ತು. ಗಾಬರಿಯಿಂದ ಅದನ್ನು ಒತ್ತಿ, ಬೊಟ್ಟಿನ ಮೇಲೆ ಕಣ್ಣು ನೆಟ್ಟು, ಇವತ್ತಿನ ಪಾಠ ಉನ್ನತ ಕೋನ ಎಂದು ಶುರು ಮಾಡಿಬಿಟ್ಟೆ.

ನಡುನಡುವೆ ಕಳ್ಳನೋಟದಲ್ಲಿ ಪರದೆಯನ್ನೂ ನೋಡುತ್ತಿದ್ದೆ. ಗುಂಡ್ಲುಪೇಟೆ ಚೆನ್ನಾಗಿ ಕಾಣುತ್ತಿತ್ತು, ಹಂಗಳವೂ ಪರವಾಗಿಲ್ಲ. ಪುಣಜನೂರಿನ ಚೌಕದಲ್ಲಿ ಮಾತ್ರ ಬರೀ ಅಂಗಿ. ಕುತ್ತಿಗೆಯಿಂದ ಕೆಳಗೆ, ಸೊಂಟದಿಂದ ಮೇಲೆ, ಗುಂಡಿಗಳು, ಜೇಬುಗಳು, ಎರಡು ಜಡೆಯ ತುದಿಗಳು. ಕ್ಯಾಮರಾ ತಗ್ಗಿ ಕೂತಿದೆ ಎಂದುಕೊಂಡು, ಪುಣಜನೂರು, ಕ್ಯಾಮರಾ ಸ್ವಲ್ಪ ಮೇಲಕ್ಕೆ ಮಾಡಿ ಎಂದೆ. ಯಾರೂ ಮಾಡಲಿಲ್ಲ. ಮಹದೇವಸ್ವಾಮಿ ಎಲ್ಲಿ ಎಂದು ಹುಡುಕುವಷ್ಟು ಪುರುಸೊತ್ತು ನನಗಿರಲಿಲ್ಲ. ನೋಟ್ಸ್ ಬರೆದುಕೊಳ್ಳಿ ಎಂದಾಗ ಆ ಮಕ್ಕಳು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ಬರೆಯುವುದು ಕಂಡಿತು. ಒಬ್ಬಳು ಮುಂದಿನವಳ ಬೆನ್ನಿನ ಮೇಲಿಟ್ಟು ಬರೆಯುತ್ತಿದ್ದಳು. ಕಾಡಂಚಿನ ಮಕ್ಕಳಿಗೆ ಎಂಥ ಶ್ರದ್ಧೆ ಎಂದು ಸಂತೋಷಪಟ್ಟೆ. ಅರ್ಧ ಗಂಟೆ ಕಳೆದ ಮೇಲೆ ಅಂಗಿಗಳು ಅತ್ತಿತ್ತ ತೂಗತೊಡಗಿದವು. ಪುಣಜನೂರು ಅಲ್ಲಾಡಬೇಡಿ, ನೆಟ್ಟಗಿರಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕೂಡಲೇ ಅಂಗಿಗಳೆಲ್ಲ ನೆಟ್ಟಗಾದವು. ದೂರದಿಂದಲೂ ನನ್ನ ಶಿಸ್ತು ನಡೆಯುತ್ತದಲ್ಲ ಎಂದು ಬೀಗಿದೆ.

ಅವತ್ತಿನ ಲೆಕ್ಕ ನಿಮಗೂ ನೆನಪಿರಬಹುದು. ಒಬ್ಬ ವೀಕ್ಷಕ ಗೋಪುರದ ಬುಡದಿಂದ ಮೂವತ್ತು ಮೀಟರ್ ದೂರದಲ್ಲಿ ನಿಂತಿದ್ದಾನೆ, ಅದರ ತುದಿಗೆ ಉನ್ನತ ಕೋನ, ಅಂದರೆ ತಲೆಯೆತ್ತಿ ನೋಡುವ ಕೋನ, ಮೂವತ್ತು ಡಿಗ್ರಿ, ಗೋಪುರದ ಎತ್ತರವೆಷ್ಟು? ಈ ವೀಕ್ಷಕ ಹತ್ತನೆಯ ತರಗತಿಯ ಪುಸ್ತಕದಲ್ಲಿ ನನಗೆ ಗೊತ್ತಿದ್ದ ಹಾಗೆ ಯಾವತ್ತೂ ನಿಂತೇ ಇದ್ದಾನೆ. ಯಾಕೆ ನಿಂತಿದ್ದಾನೆ, ಎಷ್ಟು ಹೊತ್ತಿನಿಂದ ನಿಂತಿದ್ದಾನೆ, ಕಾಲು ನೋಯುತ್ತದೋ ಇಲ್ಲವೋ ಎಂದು ಗಣಿತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನಲವತ್ತು ನಿಮಿಷವಾದ ಮೇಲೆ ಎಲ್ಲರ ಮ್ಯೂಟ್ ತೆಗೆದು ಅರ್ಥವಾಯಿತಾ ಎಂದೆ. ಗುಂಡ್ಲುಪೇಟೆಯಿಂದ 'ಆಯ್ತು ಮಿಸ್' ಬಂತು, ಅದರ ಬಾಲ ಹಿಡಿದು ಹಂಗಳದಿಂದಲೂ ಬಂತು. ಪುಣಜನೂರಿನದು ಬಂತೋ ಇಲ್ಲವೋ ಆ ಗದ್ದಲದಲ್ಲಿ ತಿಳಿಯಲಿಲ್ಲ, ಬಂದಿರಬೇಕು ಎಂದುಕೊಂಡೆ. ಎದ್ದು ಸೊಂಟ ನೀವಿಕೊಂಡೆ. ಅಷ್ಟು ಹೊತ್ತು ಕೂತು ಅಭ್ಯಾಸವಿಲ್ಲ ನೋಡಿ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಹೊತ್ತಿಗೆ ಮಹದೇವಸ್ವಾಮಿ ಫೋನ್ ಮಾಡಿದರು. ಮೊದಲು ತಮ್ಮ ಕಷ್ಟ ಹೇಳಿಕೊಂಡರು. ಒಳಗೆ ಸಿಗ್ನಲ್ ಸಿಗದೆ, ಅವರು ಹಾಟ್‌ಸ್ಪಾಟ್ ಹಾಕಿದ ಫೋನನ್ನು ಹಿಡಿದು ಪಾಠ ಮುಗಿಯುವವರೆಗೂ ಕಿಟಕಿಯ ಹೊರಗೆ ನಿಂತಿದ್ದರಂತೆ. ಹೋಗುವ ಮುಂಚೆ, ಯಾರೂ ಯಾವುದನ್ನೂ ಮುಟ್ಟಕೂಡದು ಎಂದು ಮಕ್ಕಳಿಗೆ ಹೇಳಿ ಹೋಗಿದ್ದರು. ಆಮೇಲೆ ಹೇಳಿದರು:

"ಬೇಜಾರ್ ಮಾಡ್ಕಬ್ಯಾಡಿ ಮೇಡಂ, ಐಕ್ಳು ಒಂದ್ ಮಾತ್ ಕೇಳ್ತಾ ಅವೆ. ನಾವ್ ಯಾನ್ ತಪ್ ಮಾಡಿದ್ದೊ, ಮಿಸ್ ಯಾಕೆ ಪಿರಿಯಡ್ ಪೂರ್ತಿ ನಿಲ್ಸ್‌ಬುಟ್ರು ಅಂತ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ನಾನು ಪರದೆಗೆ ಬಂದಾಗ ಮಕ್ಕಳು ಎದ್ದು ನಿಂತವು. ಕೂತ್ಕೊಳ್ಳಿ ಎಂದು ನಾನು ಅಂದದ್ದು ಮ್ಯೂಟಿನಲ್ಲಿ ಹೋಯಿತು. ಗುಂಡ್ಲುಪೇಟೆಯಲ್ಲಿ, ಹಂಗಳದಲ್ಲಿ ಜೊತೆಗಿದ್ದ ಶಿಕ್ಷಕರು ಕೂರಿಸಿದರು. ಪುಣಜನೂರಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಮಿಸ್ ಹೇಳದೆ ಕೂರುವುದು ಹೇಗೆ? ಕೇಳೋಣವೆಂದರೆ ಬಾಯಿ ಮ್ಯೂಟು. ಹನ್ನೊಂದು ಮಕ್ಕಳು ನಲವತ್ತು ನಿಮಿಷ ನಿಂತುಕೊಂಡು ಉನ್ನತ ಕೋನ ಕಲಿತರು.

ನನಗಿದು ಹೊಳೆಯಬೇಕಿತ್ತು. ನಾನು ಓದುವಾಗ ಒಮ್ಮೆ ಹೆಡ್ ಮೇಷ್ಟ್ರು ತರಗತಿಗೆ ಬಂದು, ನಮ್ಮ ಮೇಷ್ಟ್ರ ಜೊತೆ ಏನೋ ಮಾತಾಡುತ್ತಾ ಅವರನ್ನು ಕರೆದುಕೊಂಡೇ ಹೊರಟುಹೋಗಿದ್ದರು. ಕೂತ್ಕೊಳ್ಳಿ ಎನ್ನುವುದು ಇಬ್ಬರಿಗೂ ಮರೆತಿತ್ತು. ನಾವು ಗಂಟೆ ಹೊಡೆಯುವವರೆಗೂ ನಿಂತಿದ್ದೆವು. ನಮ್ಮ ಕಡೆಯ ಮಕ್ಕಳು ಹಾಗೇ. ಅದು ಭಯವೋ ಮರ್ಯಾದೆಯೋ ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ.

ಆದರೂ ನನ್ನನ್ನು ತಿವಿದದ್ದು ಅದಲ್ಲ. ಮಿಸ್‌ಗೆ ನೀವು ನಿಂತೇ ಇದ್ದದ್ದು ಕಂಡಿಲ್ಲ ಕಣ್ರಪ್ಪಾ ಎಂದು ಮಹದೇವಸ್ವಾಮಿ ಸಮಾಧಾನ ಹೇಳಿದರಂತೆ. ಮಕ್ಕಳು ಒಪ್ಪಲಿಲ್ಲ. "ಇಲ್ಲ ಸಾ, ಒಂದ್ ಚಣನೂ ಬುಡ್ದಂಗೆ ನಮ್ಮುನ್ನೇ ನೋಡ್ತಾ ಇದ್ರು" ಎಂದಳಂತೆ ಮಾದೇವಿ. ಗುರುವಾರ ತಾನು ಬರುವುದಿಲ್ಲ, ಲೆಕ್ಕವೂ ತನಗೆ ಬೇಡ ಎಂದೂ ಹೇಳಿದಳಂತೆ.

ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನಾನು ಇಷ್ಟು ಚೆನ್ನಾಗಿ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಪ್ರತಿಯೊಂದು ಮಗುವಿಗೂ ಮಿಸ್ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ನೋಡುತ್ತಾ ನೋಡುತ್ತಾ, ಮಿಸ್ ಆರಾಮಾಗಿ ಕೂತು, ತಮ್ಮನ್ನು ನಿಲ್ಲಿಸಿ, ಅಲ್ಲಾಡಿದರೆ ಗದರಿಸಿದ್ದಾರೆ ಅನ್ನಿಸಿತ್ತು. ನನಗೆ ಅಳು ಬಂತು. ಅತ್ತೆ ತಟ್ಟೆಗೆ ಮುದ್ದೆ ಹಾಕಿ, ಊಟ ಬಿಟ್ಟು ಅಳಬಾರದು ಎಂದರು. ಉಂಡೆ, ಆಮೇಲೆ ಅತ್ತುಕೊಂಡೆ.

ಬುಧವಾರ ಪೂರ್ತಿ ತಲೆ ಗೊಂದಲದ ಗೂಡು. ಸತ್ಯಮಂಗಲದ ಕಡೆಗೆ ಹೋಗುವ ಬಸ್ಸು ಹತ್ತಿ ಪುಣಜನೂರಿಗೇ ಹೋಗಿಬಿಡಲೇ ಎಂದುಕೊಂಡೆ. ಅಲ್ಲಿಂದ ಪಾಠ ಮಾಡೋಣವೆಂದರೆ ಒಳಗೆ ಸಿಗ್ನಲ್ ಇಲ್ಲ, ಗುಂಡ್ಲುಪೇಟೆಯೂ ಹಂಗಳವೂ ತಪ್ಪುತ್ತವೆ. ಒಂದನ್ನು ಹಿಡಿಯಲು ಹೋದರೆ ಎರಡು ಜಾರುತ್ತವೆ. ಮಹದೇವಸ್ವಾಮಿಯ ಮೂಲಕ ಹೇಳಿಸಿದರೆ ಸಾಕೇ? ಅವರು ಹೇಳಿ ಆಗಿದೆ, ಮಕ್ಕಳು ನಂಬಿಲ್ಲ. ಮಕ್ಕಳೆದುರು ತಪ್ಪಾಯಿತು ಎನ್ನುವುದು ನನಗೆ ಬಾರದ ವಿದ್ಯೆ, ಅದರಲ್ಲೂ ಮೂರು ಊರಿನವರು ಕೇಳುವ ಹಾಗೆ. ಗಣಿತದ ಮೇಡಂ ಮ್ಯೂಟ್ ತೆಗೆಯಲು ಮರೆತರು ಎಂದು ಹಂಗಳದವರೆಗೂ ಯಾಕೆ ತಿಳಿಯಬೇಕು ಎಂದು ನನ್ನ ಜಂಬ ಕೇಳುತ್ತಿತ್ತು. ಅತ್ತೆಯ ತವರು ಬೇರೆ.

ಗುರುವಾರ ಹನ್ನೊಂದಕ್ಕೆ ಮೂರು ಚೌಕ ಮೂಡಿದವು. ನನ್ನ ಮೈಕನ್ನು ಎರಡು ಸಲ ನೋಡಿಕೊಂಡೆ. ಯಾರನ್ನೂ ಮ್ಯೂಟ್ ಮಾಡಲಿಲ್ಲ. ಮೂರು ಊರಿನ ಮಕ್ಕಳೂ ಎದ್ದು ನಿಂತರು, ಪುಣಜನೂರಿನ ಚೌಕದಲ್ಲಿ ಮತ್ತೆ ಅದೇ ಅಂಗಿಗಳು, ಗುಂಡಿಗಳು. ಎಷ್ಟಿವೆ ಎಂದು ಎಣಿಸಲು ನೋಡಿದೆ, ಹಿಂದಿನ ಸಾಲು ಮುಂದಿನದರಲ್ಲಿ ಸೇರಿಹೋಗಿ ಲೆಕ್ಕ ಸಿಗಲಿಲ್ಲ. ಗಣಿತದ ಮೇಡಂಗೆ ಹನ್ನೊಂದರವರೆಗೆ ಎಣಿಸಲು ಬರಲಿಲ್ಲ ಎಂದು ಬೇಕಾದರೆ ನಗಿ. ಮಾದೇವಿ ಬಂದಿದ್ದಾಳೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿದ್ದದ್ದು, ಅವಳ ಮುಖವೂ ನನಗೆ ಗೊತ್ತಿರಲಿಲ್ಲ.

ನಾನೂ ಎದ್ದು ನಿಂತೆ. ನನ್ನ ತಲೆ ಚೌಕಟ್ಟಿನಿಂದ ಆಚೆ ಹೋಗಿರಬೇಕು, ಹೋಗಲಿ. "ಪುಣಜನೂರಿನ ಮಕ್ಕಳೇ, ಮಂಗಳವಾರ ನಾನು ತಪ್ಪು ಮಾಡಿದೆ. ಕೂತ್ಕೊಳ್ಳಿ ಅಂದದ್ದು ನಿಮಗೆ ಕೇಳಿಸಲಿಲ್ಲ. ನೀವು ನಿಂತೇ ಇರೋದು ನನಗೆ ಕಾಣಲಿಲ್ಲ. ನಾನು ನಿಮ್ಮನ್ನ ನೋಡ್ತಾನೇ ಇರಲಿಲ್ಲ. ನಿಮ್ಮದೇನೂ ತಪ್ಪಿಲ್ಲ. ಈಗ ಕೂತ್ಕೊಳ್ಳಿ" ಎಂದೆ.

ಮಾತು ಅಲ್ಲಿಗೆ ಮುಟ್ಟುವವರೆಗೆ ಅಂಗಿಗಳು ಹಾಗೇ ನಿಂತಿದ್ದವು. ಆಮೇಲೆ ಕೂತವು. ಕೂತ ಕೂಡಲೇ ಪರದೆಯೊಳಕ್ಕೆ ಮುಖಗಳು ಇಳಿದು ಬಂದವು. ಕ್ಯಾಮರಾ ಸರಿಯಾಗಿಯೇ ಇತ್ತು, ಯಾರೋ ಕೂತ ಮಕ್ಕಳ ಎತ್ತರಕ್ಕೆ ಅಳತೆ ಮಾಡಿಯೇ ಇಟ್ಟಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆಗಳು, ನಗಬೇಕೋ ಬೇಡವೋ ತಿಳಿಯದ ಬಾಯಿಗಳು. ನಾನೂ ಕೂತು ಎಣಿಸಿದೆ. ಹನ್ನೊಂದಿದ್ದವು.

ಮಾದೇವಿ ಯಾರು ಎಂದು ಕೇಳಿದೆ. ಎರಡನೆಯ ಸಾಲಿನಲ್ಲಿ ಒಂದು ಕೈ ಅರ್ಧ ಎದ್ದಿತು. ಆ ಕೈಯ ಕೆಳಗೆ ಒಂದು ಹುಬ್ಬು ಗಂಟಿಕ್ಕಿಕೊಂಡಿತ್ತು. ಏನು ಮಾತಾಡಬೇಕೋ ತಿಳಿಯದೆ, ಮೇಷ್ಟ್ರುಗಳಿಗೆ ಬೇರೆ ಮಾತು ಬಾರದಲ್ಲ, ಮಂಗಳವಾರದ ಲೆಕ್ಕ ಅರ್ಥವಾಯಿತಾ ಎಂದೆ. 'ಆಯ್ತು ಮಿಸ್' ಎಂದಿತು ಗುಂಡ್ಲುಪೇಟೆ. 'ಆಯ್ತು ಮಿಸ್' ಎಂದಿತು ಹಂಗಳ. ಐದರವರೆಗೆ ಎಣಿಸಿದೆ, ಹತ್ತರವರೆಗೂ ಎಣಿಸಿದೆ. ಈ ಸಲ ನಾನು ಬೊಟ್ಟು ನೋಡುತ್ತಿರಲಿಲ್ಲ, ಆ ಹುಬ್ಬನ್ನೇ ನೋಡುತ್ತಿದ್ದೆ.

"ನಂಗೆ ಅರ್ತ ಆಗ್ನಿಲ್ಲ ಮಿಸ್" ಎಂದಳು ಮಾದೇವಿ.

ಎಲ್ಲಿಂದ ಎಂದು ಕೇಳಿದೆ.

"ಮೊದ್ಲಿಂದ."

ಮೂರು ಊರಿನಲ್ಲೂ ಯಾರೂ ನಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ನೇರವಾದ ಉತ್ತರ ನನಗೆ ಯಾವ ತರಗತಿಯಿಂದಲೂ ಬಂದದ್ದು ನೆನಪಿಲ್ಲ. ಸರಿ ಕಣಮ್ಮ, ಮೊದಲಿಂದಲೇ ಹೇಳುತ್ತೇನೆ ಎಂದೆ. ಒಬ್ಬ ವೀಕ್ಷಕ ಗೋಪುರದ ಬುಡದಿಂದ ಮೂವತ್ತು ಮೀಟರ್ ದೂರದಲ್ಲಿ ಎಂದು ಶುರು ಮಾಡುತ್ತಾ, ಅರ್ಥವಾದವರು ಎರಡನೆಯ ಸಲ ಕೇಳಿ ಬೇಸರ ಪಡುತ್ತಾರೇನೋ ಎಂದು ಉಳಿದೆರಡು ಚೌಕಗಳ ಕಡೆಗೂ ಕಣ್ಣು ಹಾಯಿಸಿದೆ. ಹಂಗಳದವರೆಲ್ಲ ತಲೆ ತಗ್ಗಿಸಿ ಪೆನ್ನು ಹುಡುಕುತ್ತಿದ್ದರು. 'ಆಯ್ತು' ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ಗುಂಡ್ಲುಪೇಟೆಯ ಮುಂದಿನ ಬೆಂಚು, ಎಲ್ಲರಿಗಿಂತ ಮೊದಲು ಹೊಸ ಹಾಳೆ ತಿರುಗಿಸಿ ಮೊದಲಿಂದ ಬರೆದುಕೊಳ್ಳತೊಡಗಿತು.